ನೆಲ ಮುಟ್ಟದ ನೀರು

ಹೆಸರುಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟ ಮೇಲೆ ಅದನ್ನು ಮರೆತುಬಿಡಬೇಕು. ಇದು ಅಡುಗೆಮನೆ ಹೊಕ್ಕ ಎಲ್ಲರಿಗೂ ಗೊತ್ತು. ನನಗೆ ಮರೆಯಲು ಮಾತ್ರ ಬರುವುದಿಲ್ಲ. ಈ ವಯಸ್ಸಿನಲ್ಲೂ ಬೆಳಿಗ್ಗೆ ಕಟ್ಟಿದ ಗಂಟನ್ನು ಸಂಜೆಯೊಳಗೆ ನಾಲ್ಕು ಸಲ ಬಿಚ್ಚಿ ನೋಡುತ್ತೇನೆ. ಮೊಳಕೆ ಬಂದಿರದಿದ್ದರೆ ನನ್ನ ಕೈಯನ್ನು ತಿರುವಿ ತಿರುವಿ ನೋಡಿಕೊಳ್ಳುತ್ತೇನೆ. ಬಂದಿದ್ದರೆ, ಪಕ್ಕದ ಮನೆಯವರ ಕಾಳಿಗೆ ಇದಕ್ಕಿಂತ ಉದ್ದ ಬಂದಿರಬಹುದೇ ಎಂದು ಯೋಚನೆ ಹತ್ತುತ್ತದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳುತ್ತಾರೆ:

“ಬಾಣಂತಿ ಖೋಲಿ ಮುಂದ ನಿಂತ ಅತ್ತಿ ಹಂಗ ಮಾಡಬ್ಯಾಡ. ಈಕಡೆ ಬಾ. ಅವು ತಾವ ಬರ್ತಾವ.”

ಅವರಿಗೇನು ಗೊತ್ತು. ಕಾಳು ತಾನಾಗಿ ಬರುವುದಿಲ್ಲ ಎಂಬುದನ್ನು ನಾನು ಹತ್ತು ವರ್ಷದವಳಿದ್ದಾಗಲೇ, ದೇವರ ಮುಂದೆ ಕುಳಿತು, ಒಂಬತ್ತು ದಿನ ಕಲಿತವಳು.

ಆಗ ನಮ್ಮ ಮನೆ ಸೊಲ್ಲಾಪುರದ ಒಂದು ಗಿರಣಿಯ ಬೆನ್ನಿಗಿತ್ತು. ಗಿರಣಿಯ ಭೋಂಗಾ ಕೂಗಿದಾಗ ನಾವು ಏಳುತ್ತಿದ್ದೆವು, ಕೂಗಿದಾಗ ಉಣ್ಣುತ್ತಿದ್ದೆವು. ಮುಂದಿನ ಪಡಸಾಲೆಯಲ್ಲಿ ಅಪ್ಪನ ಕಾಳಿನ ಅಂಗಡಿಗೆ ಸೇರಬೇಕಾದ, ಆದರೆ ಅಲ್ಲಿ ಹಿಡಿಸದ ಚೀಲಗಳು ಇರುತ್ತಿದ್ದವು. ಬಂದವರು ಜೋಳದ ಚೀಲದ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ನಡುಮನೆಯಲ್ಲಿ ತೊಟ್ಟಿಲ ಕೊಂಡಿ, ಅದರಾಚೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಬಗ್ಗಿ ಹೋಗಬೇಕಾದ ದೇವರ ಕೋಣೆ. ಹಿತ್ತಿಲಲ್ಲಿ ಬಚ್ಚಲು, ಬಚ್ಚಲ ಮೇಲೆ ತಗಡಿನ ಪತ್ರಾ. ಆ ಪತ್ರಾದ ಎದುರಿಗೇ ಗಿರಣಿಯ ಹೊಗೆ ಉಗುಳುವ ಚಿಮಣಿ. ಹಪ್ಪಳ ಒಣಹಾಕುವ ಮೊದಲು ಅವ್ವ ಅಂಗಳಕ್ಕೆ ಬಂದು, ಹಣೆಗೆ ಕೈ ಹಚ್ಚಿ, ಹೊಗೆ ಯಾವ ಕಡೆಗೆ ಬಾಗಿದೆ ಎಂದು ನೋಡುತ್ತಿದ್ದಳು. ಹೊಗೆ ನಮ್ಮ ಕಡೆಗಿದ್ದರೆ ಆ ದಿನ ಹಪ್ಪಳವಿಲ್ಲ, ಬಿಳಿ ಧೋತರ ಒಗೆಯುವಂತಿಲ್ಲ, ಹಾಲಿನ ಪಾತ್ರೆಗೆ ಮುಚ್ಚಳ ತೆಗೆಯುವಂತಿಲ್ಲ. ಆದರೂ ಕೆನೆಯ ಮೇಲೆ ಸಾಸಿವೆಯಂಥ ಕರಿ ಚುಕ್ಕೆ ಎರಡಾದರೂ ಇದ್ದೇ ಇರುತ್ತಿದ್ದವು. ನಾವು ಅವನ್ನು ಬೆರಳಿನಿಂದ ಆರಿಸಿ ಕುಡಿಯುತ್ತಿದ್ದೆವು. ಎಲ್ಲರ ಮನೆಯ ಹಾಲೂ ಹಾಗೇ ಇರುತ್ತದೆಂದು ನನ್ನ ತಿಳಿವಳಿಕೆ.

ಹಾಗಿರುವುದಿಲ್ಲ ಎಂದು ಗೊತ್ತಾಗುತ್ತಿದ್ದದ್ದು ಅಕ್ಕಲಕೋಟೆಯಲ್ಲಿ. ಅಲ್ಲಿ ನಮ್ಮ ಹಿರಿಯರ ಮನೆಯಿತ್ತು. ಮನೆಯಲ್ಲಿ ಆಯಿ, ಎಂದರೆ ಅಪ್ಪನ ತಾಯಿ. ಸಾಲೆಗೆ ಸೂಟಿ ಸಿಕ್ಕ ಕೂಡಲೇ ನನ್ನನ್ನು ರೈಲಿಗೆ ಹಾಕಿ ಅಲ್ಲಿಗೆ ಕಳಿಸುತ್ತಿದ್ದರು. ಆಯಿಯ ಬಲಮಗ್ಗುಲು ನನ್ನದು, ಬಿಸಿ ರೊಟ್ಟಿಯ ಮೇಲಿನ ಮೊದಲ ಬೆಣ್ಣೆ ನನ್ನದು, ನಾನು ಸಾಲೆಯಲ್ಲಿ ಕಲಿತ ಮರಾಠಿ ಬೆರೆಸಿ ಮಾತಾಡಿದರೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವ ಆ ನಗೆಯೂ ನನ್ನದು. ಇದೆಲ್ಲ ಬರೆದುಕೊಟ್ಟ ಆಸ್ತಿ ಎಂದುಕೊಂಡಿದ್ದೆ. ಒಂದು ಬೇಸಗೆಯಲ್ಲಿ ಹೋಗಿ ನೋಡುತ್ತೇನೆ, ಬಲಮಗ್ಗುಲಲ್ಲಿ ಇನ್ನೊಂದು ಹಾಸಿಗೆ ಹಾಸಿದೆ.

ಅದು ಕಾಶಿಯದು. ತಡವಳವೆಂಬ ಹಳ್ಳಿಯ ನಮ್ಮ ಅತ್ತೆಯ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು. ಆಯಿಗೆ ಕಣ್ಣಿನಲ್ಲಿ ಪೊರೆ ಬಂದು ಒಲೆಯ ಬೆಂಕಿ ಬಿಟ್ಟು ಬೇರೇನೂ ಕಾಣದಂತಾದಾಗ, ಕೈ ಹಿಡಿದು ನಡೆಸಲು ಅತ್ತೆ ಅವಳನ್ನು ಕಳಿಸಿದ್ದಳು. ಕಾಶಿ ಜೋಳದ ಹಿಟ್ಟನ್ನು ನಾದಿದರೆ ರೊಟ್ಟಿ ಒಡೆಯುತ್ತಿರಲಿಲ್ಲ. ಅವಳು ಚುಕ್ಕೆ ಇಡದೆ ರಂಗೋಲಿ ಹಾಕುತ್ತಿದ್ದಳು. ಎಮ್ಮೆ ಅವಳ ಧ್ವನಿ ಕೇಳಿದರೆ ಮಾತ್ರ ಹಾಲು ಬಿಡುತ್ತಿತ್ತು. ಇಷ್ಟಾಗಿಯೂ ಜಂಬವೆಂಬುದು ಒಂದು ಕಾಳಿನಷ್ಟೂ ಇಲ್ಲ. ಅವಳು ಸ್ವಲ್ಪ ಜಂಬ ಪಟ್ಟಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ನಾನು ಅವಳನ್ನು ಅಕ್ಕ ಎಂದು ಕರೆಯಲಿಲ್ಲ. “ಒಂದು ವರ್ಷಕ್ಕ ಯಾರ ಅಕ್ಕ ಅಂತಾರ?” ಎಂದು ಕೇಳಿದೆ. ಆಯಿ ಎಲ್ಲರ ಮುಂದೆ ಹೇಳುತ್ತಿದ್ದ ಒಂದು ಮಾತು ನನ್ನ ಹೊಟ್ಟೆಯಲ್ಲಿ ಹುಣಸೆಬೀಜದಂತೆ ಕೂತಿತ್ತು:

“ನಮ್ಮ ಕಾಶಿದು ಕೈಗುಣ ಛಲೋ. ಕಲ್ಲ ನೆಟ್ಟರೂ ಚಿಗೀತೈತಿ.”

ಆ ವರ್ಷ ಭಾದ್ರಪದದ ಕೊನೆಗೆ ಆಯಿಯನ್ನು ಕಣ್ಣಿನ ಔಷಧಕ್ಕೆಂದು ಸೊಲ್ಲಾಪುರಕ್ಕೆ ಕರೆತಂದರು. ಜೊತೆಗೆ ಕಾಶಿ ಬಂದಳು. ಕಾಶಿಯ ಜೊತೆಗೆ ಒಂದು ಮಣ್ಣಿನ ಗಂಟು ಬಂತು. ಮಾನವಮಿಗೆ ಘಟ ಹಾಕುವ ಪದ್ಧತಿ ನಮ್ಮಲ್ಲಿ ತಪ್ಪಿದ್ದಿಲ್ಲ: ಬುಟ್ಟಿಯಲ್ಲಿ ಮಣ್ಣು ಹರಡಿ, ಜೋಳ ಗೋಧಿ ಬಿತ್ತಿ, ನಡುವೆ ನೀರಿನ ಮಗಿ ಇಟ್ಟು, ಒಂಬತ್ತು ದಿನ ದೀಪ ಆರದಂತೆ ಕಾಯಬೇಕು. ದಸರೆಯ ದಿನ ಸಸಿಗಳನ್ನು ಕಿತ್ತು ಗಂಡಸರ ಟೋಪಿ, ರುಮಾಲುಗಳಿಗೆ ಸಿಕ್ಕಿಸಬೇಕು. ಸಸಿ ಎಷ್ಟು ಎತ್ತರ ಎದ್ದವೋ ಮನೆಗೆ ಅಷ್ಟು ಶುಭ. ಹಳ್ಳಿಯ ರೈತರು ಬನ್ನಿ ಕೊಡುವ ನೆವದಲ್ಲಿ ಬಂದು ನಮ್ಮ ಘಟ ನೋಡಿ, ಆಮೇಲೆ ಸೊಲ್ಲಾಪುರಕ್ಕೆ ಬಂದಾಗ ಅಪ್ಪನ ಅಂಗಡಿಯಲ್ಲಿ ಬಿತ್ತುವ ಜೋಳ ಕೊಳ್ಳುತ್ತಿದ್ದರು. ಹೀಗಾಗಿ ಅಪ್ಪನಿಗೆ ಘಟವೆಂದರೆ ಅರ್ಧ ಭಕ್ತಿ, ಅರ್ಧ ಎದೆನಡುಕ. ಅಲ್ಲಿಯವರೆಗೆ ಘಟ ಅಕ್ಕಲಕೋಟೆಯಲ್ಲಿ ಆಯಿಯ ಕೈಯಿಂದಲೇ ಆಗುತ್ತಿತ್ತು. ನೀರೆರೆಯಲು ಅವಳ ಅತ್ತೆ ಕೊಟ್ಟ ಕಂಚಿನ ಗಿಂಡಿಯೊಂದಿತ್ತು, ಮೂತಿ ಸ್ವಲ್ಪ ಸೊಟ್ಟ. ಆ ಗಿಂಡಿ ಯಾರ ಕೈಯಲ್ಲಿದೆಯೋ ಆ ಮನೆಯ ಘಟ ಅವರದು.

ಊಟವಾದ ಮೇಲೆ ಆಯಿ ಆ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು:

“ಈ ಸಲ ನನ್ನಿಂದ ಆಗೂದಿಲ್ಲವ್ವ. ಕಾಳ ಎಲ್ಲಿ ಬೀಳ್ತಾವ ಕಾಣೂದಿಲ್ಲ. ಕಾಶಿ ಹಾಕ್ಲಿ.”

“ಸೊಲ್ಲಾಪುರದ ಮನಿ ನಮ್ಮದು. ನಾ ಹಾಕಾಕಿ,” ಎಂದೆ.

“ಏ ಚಂಪಿ, ಎದುರ ಮಾತಾಡ್ತಿಯಲ್ಲ,” ಎಂದು ಅವ್ವ ಗದರಿದಳು.

“ಹಾಕ್ಲಿ ಬಿಡ್ರಿ ಮಾಮಿ, ಚಂಪಾನ ಹಾಕ್ಲಿ,” ಎಂದಳು ಕಾಶಿ. ನೋಡಿದಿರಾ? ಹೀಗೆ ಬಿಟ್ಟುಕೊಟ್ಟರೆ ಜಗಳವಾದರೂ ಹೇಗೆ ಮಾಡುವುದು.

ಆಯಿ ಇಬ್ಬರ ಧ್ವನಿ ಬಂದ ಕಡೆಗೂ ಮುಖ ತಿರುಗಿಸಿದಳು.

“ಇಬ್ಬರೂ ಹಾಕ್ರಿ. ದೇವಿಗೆ ಎರಡ ಬುಟ್ಟಿ ಭಾರ ಆಗೂದಿಲ್ಲ. ಯಾರ ಕೈ ಒಪ್ಪತೈತಿ ನೋಡೂಣು. ಗಿಂಡಿ ಅಕಿದು.”

ಅಲ್ಲಿಂದ ನನ್ನ ನಿದ್ದೆ ಹೋಯಿತು. ಕಾಶಿ ತಡವಳದ ಹೊಲದ ಎರೆಮಣ್ಣು ತಂದಿದ್ದಳು. ಕರ್ರಗೆ, ನಡುನಡುವೆ ಬಿಳಿ ಸುಣ್ಣದ ಹರಳು. “ಅರ್ಧ ನೀ ತಗೋ,” ಎಂದು ಗಂಟು ಬಿಚ್ಚಿದಳು. “ಸೊಲ್ಲಾಪುರದಾಗ ಮಣ್ಣಿಗೇನ ಬರಗಾಲ ಬಂದೈತೇನು?” ಎಂದೆ. ಎಮ್ಮೆಯ ಬೆನ್ನಿನಂಥ ಆ ಮಣ್ಣನ್ನು ನಾನು ಮುಟ್ಟುವವಳಲ್ಲ. ಮನೆಯ ಗೋಡೆಗೆ ಗಿಲಾವು ಮಾಡಿಸಿ ಉಳಿದಿದ್ದ ಸೀನಾ ಹೊಳೆಯ ಉಸುಕು ಹಿತ್ತಿಲಲ್ಲಿತ್ತು. ಅದನ್ನು ಏಳು ಸಲ ತೊಳೆದೆ. ನೀರು ತಿಳಿಯಾಗಿ ಹರಿಯುವ ತನಕ, ಬೆರಳ ತುದಿ ಸುಕ್ಕುಗಟ್ಟುವ ತನಕ ತೊಳೆದೆ. ನನ್ನ ಬುಟ್ಟಿ ಸಕ್ಕರೆ ಹರಡಿದಂತೆ ಹೊಳೆಯಿತು. ದೇವಿಗೆ ಕಣ್ಣಿದ್ದರೆ ಯಾವ ಬುಟ್ಟಿಯಲ್ಲಿ ಕೂರಬೇಕೆಂದು ಅವಳಿಗೇ ತಿಳಿಯುತ್ತದೆ ಎಂದುಕೊಂಡೆ.

ಇನ್ನು ನೀರು. ಘಟಕ್ಕೆ ಬಾವಿಯ ನೀರು, ನಳದ ನೀರು ಸಲ್ಲದೆಂಬುದು ಆಯಿಯ ನೇಮ. ಮುಗಿಲಿನಿಂದ ಬಿದ್ದು ಇನ್ನೂ ನೆಲ ಮುಟ್ಟದ ನೀರೇ ಆಗಬೇಕು. ಅಕ್ಕಲಕೋಟೆಯಲ್ಲಿ ಮಳೆ ಬಂದಾಗ ಮಾಳಿಗೆಯ ನಡುವೆ ಪಾತ್ರೆ ಇಟ್ಟು ಹಿಡಿದಿಡುತ್ತಿದ್ದರು. ಇಲ್ಲಿ ಹದಿನೈದು ದಿನ ಒಂದು ಹನಿಯೂ ಬಿದ್ದಿರಲಿಲ್ಲ. ಘಟದ ಹಿಂದಿನ ದಿನ ಮಧ್ಯಾಹ್ನ ಸಣ್ಣಗೆ ಒಂದು ಮಳೆ ಬಂತು. ಕಾಶಿ ಹೇಳಿದಂತೆ ಕೇಳುವ ಹುಡುಗಿ. ಮಾಳಿಗೆಯ ಮೇಲೆ ಬಟ್ಟಲಿಟ್ಟು ಬೊಗಸೆಯಷ್ಟು ಹಿಡಿದಳು. ನಾನು ತಲೆ ಓಡಿಸಿದೆ. ಬಚ್ಚಲ ಪತ್ರಾದ ಅಂಚಿನ ಕೆಳಗೆ ಹಂಡೆ ಇಟ್ಟೆ. ಪತ್ರಾ ನೆಲವಲ್ಲವಲ್ಲ. ಅರ್ಧ ಗಂಟೆಯಲ್ಲಿ ಅರ್ಧ ಹಂಡೆ ತುಂಬಿತು. ನೀರು ತುಸು ಕಪ್ಪಗಿತ್ತು; ಅವ್ವನ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಕಣ್ಣಿಗೆ ತಿಳಿಯಾಗುವ ತನಕ ಸೋಸಿ, ದೇವರ ಕೋಣೆಯ ತಾಮ್ರದ ಕೊಡಕ್ಕೆ ತುಂಬಿದೆ. ಕಾಶಿಯ ಬೊಗಸೆ ನೀರು ಮೊದಲ ದಿನಕ್ಕೇ ಮುಗಿಯುವಂತಿದ್ದುದರಿಂದ ಅಪ್ಪ ಇಬ್ಬರಿಗೂ ನನ್ನ ಕೊಡದ ನೀರನ್ನೇ ಗೊತ್ತುಮಾಡಿದ. ಅವಳ ಬುಟ್ಟಿ ನನ್ನ ಕೊಡದ ಹಂಗಿನಲ್ಲಿದೆ ಎಂಬ ಸುಖ ನನಗೆ ಎರಡು ದಿನ ಪೂರ್ತಿ ಇತ್ತು.

ಮೂರನೆಯ ದಿನ ಕಾಶಿಯ ಬುಟ್ಟಿಯಲ್ಲಿ ಮಣ್ಣು ಬಿರಿಯಿತು. ಸಂಜೆಗೆ ಸೂಜಿಮೊನೆಯಂಥ ಬಿಳಿ ಕಾಣಿಸಿತು. ನನ್ನ ಕಾಳುಗಳು ಉಬ್ಬಿಕೊಂಡು, ಉಂಡು ಮಲಗಿದವರಂತೆ ಬಿದ್ದಿದ್ದವು. ನಾಲ್ಕನೆಯ ದಿನ ಒಂದೆರಡು ಕಾಳು ಬಾಲ ಚಾಚಿದವು. ಚಾಚಿದ ಬಾಲದ ತುದಿ ಐದನೆಯ ದಿನಕ್ಕೆ ಕಂದುಬಣ್ಣಕ್ಕೆ ತಿರುಗಿ, ಬತ್ತಿಯ ತುದಿ ಸುಟ್ಟಂತೆ ಆಯಿತು. ನೀರು ಸಾಲದೇನೋ ಎಂದು ಇನ್ನೊಂದು ಗಿಂಡಿ ಎರೆದೆ. ಎರೆದಷ್ಟೂ ಅವು ಸುಮ್ಮನಾದವು. ಅಡ್ಡಾಡುವವರೆಲ್ಲ ಬಗ್ಗಿ ನೋಡಿ, ಮೊದಲು ಕಾಶಿಯ ಬುಟ್ಟಿಗೆ “ಆಹಾ” ಎಂದು, ಆಮೇಲೆ ನನ್ನದರ ಕಡೆ ತಿರುಗಿ “ಏಳ್ತಾವ ಏಳ್ತಾವ” ಎನ್ನುತ್ತಿದ್ದರು. ಆ ಎರಡನೆಯ ಮಾತಿನಷ್ಟು ಕೆಟ್ಟ ಬೈಗುಳ ನಾನು ಈವರೆಗೆ ಕೇಳಿಲ್ಲ. ಅಪ್ಪ ಅಂಗಡಿಯಿಂದ ಬಂದವನು ಟೋಪಿ ತೆಗೆಯುವ ಮೊದಲು ದೇವರ ಕೋಣೆಗೆ ಬಗ್ಗುತ್ತಿದ್ದ.

“ಒಂದ ಚೀಲದ ಜೋಳ ಇಬ್ಬರಿಗೂ ಕೊಟ್ಟೀನಿ. ಒಂದ ಎದ್ದೈತಿ, ಒಂದ ಎದ್ದಿಲ್ಲ. ದಸರಾಕ್ಕ ರೈತರ ಬಂದ್ರ ಏನ ಹೇಳ್ಲಿ?”

“ಕಾಳಂದಲ್ಲ ಬಿಡ್ರಿ. ಕೈದು,” ಎಂದು ಅವ್ವ ಸಮಾಧಾನ ಹೇಳಿದಳು. ಸಮಾಧಾನ ಅಪ್ಪನಿಗೆ.

ನೀರಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಎರಡೂ ಬುಟ್ಟಿಗೆ ಅದೇ ನೀರು. ನನಗಂತೂ ಆ ನೀರಿನಲ್ಲಿ ವಿಶೇಷ ಭಕ್ತಿ ಹುಟ್ಟಿತ್ತು. ಕರಿಗಟ್ಟಿದ್ದ ತಾಮ್ರದ ಕೊಡ ಒಳಗೆ ನೀರು ನಿಂತಷ್ಟು ಎತ್ತರಕ್ಕೆ ಹೊಸ ಕಾಸಿನಂತೆ ಥಳಥಳಿಸತೊಡಗಿತ್ತು. ಇದು ದೇವಿಯ ಸೂಚನೆ ಎಂದು ತಿಳಿದೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಸೂಚನೆಯಲ್ಲಿ ಕಾಶಿಗೂ ಪಾಲು ಕೊಡಬೇಕಾದೀತು. ಆರನೆಯ ದಿನ ಒಂದು ಕೆಲಸ ಮಾಡಿದೆ. ಅವಳು ಹೂ ತರಲು ಹೋದಾಗ ಅವಳ ಬುಟ್ಟಿಗೆ ಐದು ಗಿಂಡಿ ನೀರು ಸುರಿದೆ, ಕೊಳೆತು ಹೋಗಲಿ ಎಂದು. ಕೊಳೆಯಲಿಲ್ಲ. ಮರುದಿನ ಒಂದು ಬೆರಳು ಹೆಚ್ಚೇ ಎದ್ದವು. ಎಲೆಯ ತುದಿ ಅಷ್ಟಿಷ್ಟು ಕಂದಿದ್ದು ಬಿಟ್ಟರೆ ಏನೂ ಆಗಲಿಲ್ಲ. ನಾನು ಸುರಿದ ವಿಷವೂ ಅವಳ ಕೈಯಲ್ಲಿ ಹಾಲಾಗುತ್ತದೆ ಎಂದು ಕಣ್ಣಲ್ಲಿ ನೀರು ಬಂತು.

ಒಂಬತ್ತನೆಯ ದಿನ ಮಧ್ಯಾಹ್ನ ಅವ್ವ ಬೀಸುತ್ತಿದ್ದಳು, ಆಯಿ ಪಡಸಾಲೆಯಲ್ಲಿ ತೂಕಡಿಸುತ್ತಿದ್ದಳು, ಕಾಶಿ ಅವಳ ಕಾಲು ಒತ್ತುತ್ತಿದ್ದಳು. ನಾನು ದೇವರ ಕೋಣೆಗೆ ಹೋದೆ. ಹಾಕಿದ ಘಟವನ್ನು ಒಂಬತ್ತು ದಿನ ಕದಲಿಸಬಾರದು, ಕದಲಿಸಿದರೆ ಮನೆ ಕದಲುತ್ತದೆ ಎಂದು ಆಯಿ ಹೇಳಿದ್ದಳು. ನಾನು ಕದಲಿಸಲಿಲ್ಲ. ಕಾಶಿಯ ಬುಟ್ಟಿಯ ಹಿಂದಿನ ಮಗ್ಗುಲಿಗೆ, ಗೋಡೆಯ ಕಡೆಗೆ, ಬೆರಳು ತೂರಿಸಿ ಒಂದೊಂದೇ ಸಸಿಯನ್ನು ಬೇರುಸಹಿತ ಎಬ್ಬಿಸಿದೆ. ನನ್ನ ಉಸುಕಿನಲ್ಲಿ ಕಡ್ಡಿಯಿಂದ ತೂತು ಮಾಡಿ ನೆಟ್ಟೆ. ನಲವತ್ತೋ ಐವತ್ತೋ ಆಗಿರಬೇಕು. ಆಮೇಲೆ ಮೇಲಿಂದ ನನ್ನ ಪವಿತ್ರ ಜಲ. ದೀಪ ಒಂದು ಸಲ ಅಲುಗಿದಂತಾಯಿತು. ಚಿಂತೆ ಎಂಬ ನನ್ನ ಬಾಳಸಂಗಾತಿ ಆ ಕ್ಷಣವೇ ಮನೆಯೊಳಗೆ ಕಾಲಿಟ್ಟಿತು, ಇನ್ನೂ ಹೊರಟಿಲ್ಲ.

ನಾನು ಊಹಿಸದೆ ಇದ್ದದ್ದು ಸಂಜೆ ನಡೆಯಿತು. ದೀಪಕ್ಕೆ ಎಣ್ಣೆ ಹಾಕಲು ಹೋದ ಅವ್ವ ಕಿರುಚಿದಳು:

“ಅಗ ಬಾಯಿ! ಚಂಪಿದೂ ಎದ್ದಾವಲ್ಲ! ಒಂದ ದಿನದಾಗ! ಬರ್ರಿ ಇಲ್ಲಿ, ನೋಡ ಬರ್ರಿ!”

ಅಪ್ಪ ಓಡಿ ಬಂದ. ಅವನ ಜೋಳದ ಮರ್ಯಾದೆ ಉಳಿದಿತ್ತು. ಅವ್ವ ನನಗೇ ಆರತಿ ಎತ್ತುವುದೊಂದು ಬಾಕಿ. “ತಡಾ ಮಾಡಿದ್ರೂ ದೇವಿ ಕೈ ಬಿಡಲಿಲ್ಲ ನೋಡು,” ಎಂದು ಗಲ್ಲ ಹಿಡಿದು ಮುದ್ದಿಟ್ಟಳು. ನಾನು ದೇವಿಯ ಮುಂದೆ ಅಡ್ಡಬಿದ್ದು ಮುಖ ಮುಚ್ಚಿಕೊಂಡೆ, ಭಕ್ತಿ ಎಂದುಕೊಂಡರು. ಕಾಶಿ ಬಾಗಿಲಲ್ಲಿ ನಿಂತು ನನ್ನ ಬುಟ್ಟಿ ನೋಡಿದಳು. ತನ್ನ ಬುಟ್ಟಿ ನೋಡಿದಳು. ಗೋಡೆಯ ಕಡೆಗೆ ತುಸು ಬಗ್ಗಿ ಇನ್ನೊಮ್ಮೆ ನೋಡಿದಳು. ಆಮೇಲೆ ನನ್ನನ್ನು.

ದಸರೆಯ ಬೆಳಿಗ್ಗೆ ಆಯಿ ಸ್ನಾನ ಮಾಡಿ, ಕಾಶಿಯ ಕೈ ಹಿಡಿದು ಬಂದು ಘಟದ ಮುಂದೆ ಕುಳಿತಳು. ನನ್ನ ಸಸಿಗಳು ಅಷ್ಟೊತ್ತಿಗೆ ಸಾಲೆಯಲ್ಲಿ ತೂಕಡಿಸುವ ಮಕ್ಕಳಂತೆ ಒಂದರ ಮೇಲೊಂದು ವಾಲಿದ್ದವು. ಆಯಿ ಮೊದಲು ಕಾಶಿಯ ಬುಟ್ಟಿಯ ಮೇಲೆ ಅಂಗೈ ಆಡಿಸಿದಳು, ಕೂಸಿನ ತಲೆ ಸವರಿದಂತೆ.

“ಚೋಟ ಎದ್ದಾವ. ಛಲೋ ಆತು. ತುದಿ ಯಾಕೋ ಒಂಚೂರು ಸುಟ್ಟಾವ.”

ಆಮೇಲೆ ನನ್ನ ಬುಟ್ಟಿ. ಅಂಗೈ ಒಂದು ಸಲ ಹೋಗಿ ಬರುವಷ್ಟರಲ್ಲಿ ಸಸಿಗಳು ಬುಡಸಹಿತ ಅವಳ ಬೆರಳಿಗೆ ಅಂಟಿ ಮೇಲೆ ಬಂದವು. ಆಯಿ ಅವನ್ನು ಹೆಬ್ಬೆರಳಿನಿಂದ ಉಜ್ಜಿದಳು.

“ಚಂಪಿ, ಇವು ಇಲ್ಲೆ ಹುಟ್ಟಿದ ಮಕ್ಕಳಲ್ಲ. ಬೀಗರ ಮನಿಂದ ಬಂದು ಕುಂತಾವ.”

“ಹಂಗ್ಯಾಕ ಅಂತೀರಿ ಅತ್ತಿ? ನಿನ್ನೆ ಎದ್ದಾವ. ನಾ ಕಣ್ಣಾರೆ ನೋಡೀನಿ,” ಎಂದಳು ಅವ್ವ.

“ನೀ ಕಣ್ಣಾರೆ ನೋಡಿದಿ. ನನಗ ಕಣ್ಣಿಲ್ಲ, ಅದಕ್ಕ ಗೊತ್ತಾತು.”

ಅವಳು ಉಸುಕಿನೊಳಗೆ ಬೆರಳಿಟ್ಟು, ಕೊಳೆತ ಜೋಳದ ಕಾಳೊಂದನ್ನು ಹೆಕ್ಕಿದಳು. ಮೂಸಿದಳು. ಆಮೇಲೆ ಒದ್ದೆ ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಮುಖ ಕಿವುಚಿ ಉಗುಳಿದಳು.

“ಹುಳಿ. ಉಸುಕ ಹುಳಿ ಆಗೈತಿ. ನೀರ ಎಲ್ಲೆ ಇಟ್ಟೀರಿ? ತರ್ರಿ ಈಕಡೆ.”

ಅವ್ವ ತಾಮ್ರದ ಕೊಡವನ್ನು ಬೆಳಕಿಗೆ ತಂದು, ತಳದಲ್ಲಿ ಉಳಿದಿದ್ದನ್ನು ಬಗ್ಗಿಸಿ ಒಳಗೆ ನೋಡಿದಳು.

“ಅಗ ಬಾಯಿ, ಇದನ್ನ ಒಳಗ ಯಾರ ಹುಣಸಿಹಣ್ಣ ಹಚ್ಚಿ ತಿಕ್ಕ್ಯಾರ?”

ಯಾರೂ ತಿಕ್ಕಿರಲಿಲ್ಲ. ಆಯಿ ಒಂದು ಹನಿ ಮುಟ್ಟಿ ಮತ್ತೆ ಉಗುಳಿದಳು.

“ನೀರ ತಿಕ್ಕೈತಿ. ಎಲ್ಲೆ ಹಿಡದಿ ಇದನ್ನ?”

“ಪತ್ರಾದ ಕೆಳಗ,” ಎಂದೆ.

“ನಾ ಏನ ಹೇಳಿದ್ದೆ?”

“ನೆಲ ಮುಟ್ಟಬಾರದು ಅಂದಿದ್ದಿ. ಪತ್ರಾ ನೆಲ ಅಲ್ಲಲ್ಲ, ಆಯಿ.”

“ವಕೀಲನ ಹೊಟ್ಟಿಯಾಗ ಹುಟ್ಟಬೇಕಾಗಿತ್ತು ಇದು,” ಎಂದ ಅಪ್ಪ. ಆಮೇಲೆ ಅವನ ಮುಖದಲ್ಲಿ ನಿಧಾನವಾಗಿ ಏನೋ ಮೂಡಿತು. “ಅವ್ವಾ, ಆ ಪತ್ರಾ ಗಿರಣಿ ಚಿಮಣಿ ಮುಂದನ ಐತಿ. ಹದಿನೈದ ದಿನದ ಹೊಗಿ ಕುಂತಿತ್ತು ಅದರ ಮ್ಯಾಲ. ಮೊದಲನೇ ಮಳಿ ಅದನ್ನೆಲ್ಲಾ ತೊಳದ ಇಳಸೈತಿ.”

“ಹಂಗಾರ ಹೊಗಿ ತೊಳದ ನೀರ ಎರದೀರಿ ದೇವಿಗೆ, ಒಂಬತ್ತ ದಿನ. ದಾರ್ಯಾಗ ಹುಳಿ ಸೇರಿದ ಮ್ಯಾಲ ನೀರ ನೆಲ ಮುಟ್ಟಿದ್ರೇನು, ಬಿಟ್ರೇನು.”

“ಅಂದ್ರ ನನ್ನ ಕಾಳಿಂದೇನೂ ತಪ್ಪಿಲ್ಲ!” ಎಂದು ಅಪ್ಪ ತೊಡೆ ತಟ್ಟಿದ.

ಈ ಹೊತ್ತಿನಲ್ಲಿ ಬುದ್ಧಿಯುಳ್ಳ ಯಾರಾದರೂ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ನನ್ನ ಹೊಟ್ಟೆಕಿಚ್ಚು ನನ್ನನ್ನು ಕೇಳದೆಯೇ ಮಾತಾಡಿತು:

“ಅಕಿನೂ ಅದ ನೀರ ಹಾಕ್ಯಾಳ. ಅಕಿದು ಹೆಂಗ ಎದ್ದಾವ?”

ಆಯಿ ಹುಣಸೆಹಣ್ಣು ಹಿಂಡಿದ ಗಟ್ಟಿ ರಸವನ್ನು ಬಟ್ಟಲಲ್ಲಿ ತರಿಸಿದಳು. ಕಾಶಿಯ ಬುಟ್ಟಿಯ ಮಣ್ಣಿನಲ್ಲಿ ತಡಕಿ ಒಂದು ಬಿಳಿ ಹರಳನ್ನು ಆರಿಸಿ, ಅದಕ್ಕೆ ಹಾಕಿದಳು. ಹರಳಿನ ಸುತ್ತ ಸಣ್ಣಗೆ ಗುಳ್ಳೆ ಎದ್ದು ನೊರೆ ಕಟ್ಟಿತು. ಕಿವಿಯ ಹತ್ತಿರ ಹಿಡಿದರೆ ಚುಯ್ ಎನ್ನುತ್ತಿತ್ತು.

“ಸುಣ್ಣದ ನೆಲದ ಮ್ಯಾಲ ಹುಣಸಿ ನೀರ ಚೆಲ್ಲಿದ್ರ ಬುರುಗ ಬರೂದ ಕಂಡಿಲ್ಲೇನು? ಹಂಗ ಇದು. ಹುಳಿ ಎಲ್ಲಾ ತಾ ತಿಂದ ಕಾಳಿಗೆ ಮುಟ್ಟಗೊಟ್ಟಿಲ್ಲ ನಮ್ಮ ಎರಿಮಣ್ಣು. ನೀ ಉಸುಕ ತೊಳದ ತೊಳದ ಇಟ್ಟಿ. ಅದರಾಗ ತಿನ್ನಾಕ ಏನಿತ್ತು? ಕಾಳನ್ನ ತಿಂತು.” ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು: “ನಿನ್ನ ಕೈದೇನೂ ತಪ್ಪಿಲ್ಲ, ಚಂಪಿ.”

ಕೈದೇನೂ ತಪ್ಪಿಲ್ಲ! ಎಂಟು ದಿನ ಎದೆಯ ಮೇಲೆ ಕೂತಿದ್ದ ಚೀಲ ಇಳಿಯಿತು. ಇಳಿದು ಇನ್ನೂ ನೆಲ ಮುಟ್ಟಿರಲಿಲ್ಲ, ಆಯಿ ಅಂಗೈ ಚಾಚಿ ಬಾಡಿದ ಸಸಿಗಳನ್ನು ತೋರಿಸಿ ಕೇಳಿದಳು:

“ಇವು ಮತ್ತ ಎಲ್ಲಿಂದ ಬಂದ್ವು?”

ನಾನು ಬಾಯಿ ತೆರೆದೆ. ಆಗ ಕಾಶಿ ಹೇಳಿದಳು:

“ನಾನ ನೆಟ್ಟೀನಿ ಆಯಿ. ಚಂಪಾ ಅಳಾಕತ್ತಿದ್ಲು.”

ಅವ್ವ “ಎಂಥಾ ಹುಡುಗಿನ ಹಡದಾಳ ನಮ್ಮ ನಾದಿನಿ” ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು. ಅಪ್ಪ ಕಾಶಿಯ ತಲೆಯ ಮೇಲೆ ಕೈಯಿಟ್ಟ. ನಾನು ಬದುಕಿಕೊಂಡೆ. ಬದುಕಿಸಿದವಳ ಮೇಲೆ ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ನನಗೆ ಆದದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ರೊಟ್ಟಿಯಲ್ಲಿ ಗೆದ್ದಳು, ರಂಗೋಲಿಯಲ್ಲಿ ಗೆದ್ದಳು, ಘಟದಲ್ಲಿ ಗೆದ್ದಳು, ಈಗ ಸುಳ್ಳು ಹೇಳುವುದ­ರಲ್ಲೂ ನನಗಿಂತ ಚೆನ್ನಾಗಿ ಹೇಳಿ ಗೆದ್ದಳಲ್ಲ ಎಂದು ಹೊಟ್ಟೆ ಉರಿಯಿತು. ಆ ದಿನ ಎಲ್ಲರ ಟೋಪಿಗೆ ಸಸಿ ಸಿಕ್ಕಿಸಿದವಳು ಅವಳು. ಅಪ್ಪ ತಲೆ ಬಗ್ಗಿಸಿ ಅವಳ ಮುಂದೆ ನಿಂತದ್ದನ್ನು ಕಂಬದ ಮರೆಯಿಂದ ನೋಡಿದೆ. ಬನ್ನಿ ಕೊಡುವಾಗ ಆಯಿ ನನ್ನ ಎರಡೂ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಗಿಂಡಿ ಕಾಶಿಯ ಗಂಟಿಗೆ ಸೇರಿತು.

ಎರಡು ದಿನದ ಮೇಲೆ ಅವರು ಅಕ್ಕಲಕೋಟೆಗೆ ಹೊರಟರು. ಅಪ್ಪನಿಗೆ ಹೋಟಗಿಯಲ್ಲಿ ಕೆಲಸವಿತ್ತು. ಅಲ್ಲಿಯತನಕ ನಾನೂ ಅವರ ಜೊತೆ ರೈಲಿನಲ್ಲಿ ಹೋಗಿ, ಅಪ್ಪನ ಜೊತೆ ಇಳಿದು ಮರಳುವುದೆಂದಾಯಿತು. ಅಪ್ಪ ಬಾಗಿಲ ಹತ್ತಿರ ಯಾರೊಡನೆಯೋ ಮರಾಠಿಯಲ್ಲಿ ಜೋಳದ ಮಾತು ತೆಗೆದಿದ್ದ. ಕಾಶಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ನಾನು ಆಯಿಯ ಬಲಮಗ್ಗುಲಲ್ಲಿ. ಚಿಮಣಿಗಳು ಹಿಂದೆ ಸರಿದ ಮೇಲೆ ಆಯಿ ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ, ನನಗಷ್ಟೇ ಕೇಳುವಂತೆ ಹೇಳಿದಳು:

“ಮೊನ್ನೆ ಬನ್ನಿ ಕೊಡುಮುಂದ ಈ ಉಗುರಿನಾಗ ಮಣ್ಣಿತ್ತು. ಎರಿಮಣ್ಣು. ಉಸುಕಿನ ಬುಟ್ಟಿಯಕಿಗೆ ಎರಿಮಣ್ಣ ಎಲ್ಲಿಂದ ಬಂತವ್ವ?”

ನಾನು ಕೈ ಎಳೆದುಕೊಳ್ಳಲು ನೋಡಿದೆ. ಆಯಿ ಕೈ ಬಿಡಲಿಲ್ಲ.

“ಯಾರ ಮುಂದೂ ಹೇಳೂದಿಲ್ಲ. ಖರೇ, ಮುಂದಿನ ಸಲ ಮಣ್ಣ ಬೇಕಾದ್ರ ಬಾಯಿಬಿಟ್ಟ ಕೇಳು. ಕೇಳೂದಕ್ಕ ಕೈಗುಣ ಬೇಕಾಗೂದಿಲ್ಲ.”

ಹೋಟಗಿಯಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತಿತ್ತು. ಅಪ್ಪ ಇಳಿಸಿದ, ನಾನು ಸ್ಟೇಶನ್ನಿನ ಫಲಾಟಿನ ಮೇಲೆ ನಿಂತು ಕಿಟಕಿಯ ಕಡೆ ನೋಡಿದೆ. ಇಂಜಿನ್ ಕೂಗಿತು. ಇನ್ನು ಒಂದು ನಿಮಿಷ ತಡೆದರೆ ಕೇಳಬೇಕಾಗಿಯೇ ಇರುವುದಿಲ್ಲ ಎಂದು ಲೆಕ್ಕ ಹಾಕಿದೆ. ಆದರೆ ಆಯಿಯ ಕುರುಡುಗಣ್ಣು ನನ್ನ ಕಡೆಗೇ ಇತ್ತು.

“ಕಾಶಕ್ಕಾ,” ಎಂದೆ. ಆ ಶಬ್ದ ಮೊದಲ ಸಲ ಗಂಟಲಿನಿಂದ ಬಂದದ್ದು. “ಮುಂದಿನ ವರ್ಷ ನನಗೂ ಅಷ್ಟ ಮಣ್ಣ ಕೊಡ್ತಿಯೇನು?”

ಕಾಶಿ ನಕ್ಕಳು. ಗಾಡಿ ಅಲುಗಿತು.

“ನಿಮ್ಮ ದೇವರ ಖೋಲಿ ಮಾಡದಾಗ ಇಟ್ಟ ಬಂದೀನಿ. ಅರ್ಧ ಗಂಟು. ನೀ ಕೇಳ್ತಿ ಅಂತ ಗೊತ್ತಿತ್ತು.”

ಮನೆಗೆ ಬಂದು ಗೋಡೆಯ ಆ ಗೂಡಿನಲ್ಲಿ ನೋಡಿದೆ. ಇತ್ತು. ನನ್ನ ಹಳೆಯ ಲಂಗದ ತುಂಡಿನಲ್ಲಿ ಕಟ್ಟಿ, ಎರಡು ಗಂಟು ಹಾಕಿ ಇಟ್ಟಿದ್ದಳು.

ಆಯಿ ಹೋಗಿ ಎಷ್ಟೋ ಕಾಲವಾಯಿತು. ಕಾಶಕ್ಕ ಸಲಗರ ಬುದ್ರುಕಕ್ಕೆ ಸೊಸೆಯಾಗಿ ಹೋದಳು. ಗಿಂಡಿಯೂ ಅವಳ ಹಿಂದೆ ಹೋಯಿತು. ನಾನು ಇನ್ನೂ ಸೊಲ್ಲಾಪುರದಲ್ಲೇ ಇದ್ದೇನೆ, ಚಿಮಣಿಗಳಿಂದ ತುಸು ದೂರ. ಘಟಕ್ಕೆ ನಳದ ನೀರು ಹಾಕುತ್ತೇನೆ; ಹಾಕುವ ಮೊದಲು ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡುತ್ತೇನೆ. ಸೊಸೆಯಂದಿರು ಇದನ್ನು ಮಡಿ ಎಂದು ತಿಳಿದಿದ್ದಾರೆ. ಪ್ರತಿ ವರ್ಷ ಭಾದ್ರಪದದಲ್ಲಿ “ಕಾಶಕ್ಕಾ, ಮಣ್ಣು ಕಳಿಸು” ಎಂದು ಒಂದು ಕಾರ್ಡು ಬರೆಯುತ್ತೇನೆ, ಪ್ರತಿ ವರ್ಷ ಆ ಕಡೆಯಿಂದ ಬರುವ ಯಾರಾದರೂ ಒಂದು ಗಂಟು ತಂದುಕೊಡುತ್ತಾರೆ. ಬಿಳಿ ಹರಳುಗಳನ್ನು ಎಣಿಸಿ ನೋಡುತ್ತೇನೆ, ತನಗೆ ಹೆಚ್ಚು ಇಟ್ಟುಕೊಂಡು ನನಗೆ ಕಡಿಮೆ ಕಳಿಸಿದ್ದಾಳೋ ಎಂದು. ಎಂದೂ ಕಡಿಮೆ ಇದ್ದದ್ದಿಲ್ಲ.

ಈ ಸಲ ನನ್ನ ಘಟ ಆರು ಬೆರಳು ಎದ್ದಿತ್ತು. ಯಜಮಾನರ ಟೋಪಿಗೆ ನಾನೇ ಸಿಕ್ಕಿಸಿದೆ. ಬೀದಿಯವರು ಬಂದು ನೋಡಿ ಹೋದರು. ಬಹಳ ದಿನಗಳ ಮೇಲೆ, ಒಂದು ಸಂಜೆಯ ಮಟ್ಟಿಗೆ, ನನ್ನ ಕೈಯ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಮರುವಾರ ಸಲಗರದಿಂದ ಕಾಶಕ್ಕನ ಮಗ ಬರೆದ ಕಾರ್ಡು ಬಂತು: ಎಲ್ಲರೂ ಕ್ಷೇಮ, ಎಮ್ಮೆ ಈದಿದೆ, ನಿನ್ನ ಮೊಣಕಾಲು ಹೇಗಿದೆ ಎಂದು ಅವ್ವ ಕೇಳುತ್ತಾಳೆ, ಇಲ್ಲಿ ಘಟ ಎಂಟು ಬೆರಳು ಎದ್ದಿತ್ತು.

ಎಷ್ಟು ಬೆರಳು ಎಂದು ನಾನು ಕೇಳಿರಲಿಲ್ಲ.